ಹೆಲೆನಿಸ್ಟಿಕ್ ಅರಸಿಯರ ಬಗ್ಗೆ ಪ್ರಬಂಧ ಬರೆಯುವ ಮುನ್ನ: ನಾಣ್ಯ, ಶಾಸನ, ಪಪೈರಸ್‌ಗಳನ್ನು ಓದುವ ಕ್ರಮ

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರನು ಬ್ಯಾಬಿಲೋನಿನಲ್ಲಿ ತೀರಿಕೊಂಡಂದಿನಿಂದ ಕ್ರಿ.ಪೂ. 30ರಲ್ಲಿ ಏಳನೆಯ ಕ್ಲಿಯೋಪಾತ್ರಳು ಅಲೆಕ್ಸಾಂಡ್ರಿಯದಲ್ಲಿ ಸಾಯುವವರೆಗಿನ ಸುಮಾರು ಮುನ್ನೂರು ವರ್ಷಗಳನ್ನು ಹೆಲೆನಿಸ್ಟಿಕ್ ಯುಗವೆಂದು ಕರೆಯುತ್ತಾರೆ. ಈಜಿಪ್ಟಿನ ಟಾಲೆಮಿಗಳು, ಸಿರಿಯದಿಂದ ಇರಾನಿನವರೆಗೆ ಹರಡಿದ್ದ ಸೆಲ್ಯೂಸಿಡರು, ಮ್ಯಾಸಿಡೋನಿಯದ ಆಂಟಿಗೋನಿಡರು, ಪೆರ್ಗಮಾನ್ ಪಟ್ಟಣದ ಅಟ್ಟಾಲಿಡರು ಮತ್ತು ನಮ್ಮ ವಾಯವ್ಯ ದಿಕ್ಕಿನ ಇಂಡೋ-ಗ್ರೀಕರು ಈ ಯುಗದ ಮುಖ್ಯ ಅರಸುಮನೆತನಗಳಲ್ಲಿ ಸೇರಿದ್ದಾರೆ. ಈ ಮನೆತನಗಳ ಸ್ತ್ರೀಯರನ್ನು ಕುರಿತು ಸೆಮಿನಾರ್ ಪ್ರಬಂಧವನ್ನೋ ಕಿರುಸಂಶೋಧನೆಯನ್ನೋ ಕೈಗೆತ್ತಿಕೊಳ್ಳುವ ಧಾರವಾಡ, ಗದಗ, ಹಾವೇರಿಯ ಇತಿಹಾಸ ವಿದ್ಯಾರ್ಥಿಗಳಿಗೆ ಆಕರಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ತಿಳಿಸುವುದು ಈ ಬರಹದ ಉದ್ದೇಶ. ಗ್ರೀಕ್ ಬಾರದೆ ಇದು ಸಾಧ್ಯವೇ ಎಂಬ ಅಳುಕು ಸಹಜವೇ. ಆದರೆ ಲಕ್ಕುಂಡಿ, ಸೂಡಿ, ದಂಬಳಗಳ ಶಾಸನಗಳನ್ನು ತರಗತಿಯಲ್ಲಿ ಓದಿದವರಿಗೆ ಬಿರುದು, ದತ್ತಿ, ಪ್ರಶಸ್ತಿ, ರಾಜ್ಯವರ್ಷಗಳನ್ನು ಬಿಡಿಸಿ ನೋಡುವ ರೂಢಿ ಈಗಾಗಲೇ ಇರುತ್ತದೆ. ಆ ರೂಢಿಯಿಂದಲೇ ಇಲ್ಲಿಯ ಅರ್ಧ ಕೆಲಸ ಸಾಗುತ್ತದೆ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಬೇಕು. “ಹೆಲೆನಿಸ್ಟಿಕ್ ಯುಗದಲ್ಲಿ ಸ್ತ್ರೀಯರ ಸ್ಥಾನಮಾನ” ಎಂಬಂಥ ಶೀರ್ಷಿಕೆ ಸೆಮಿನಾರ್ ಪ್ರಬಂಧಕ್ಕೆ ಹೊರಲಾರದ ಹೊರೆ; ಒಬ್ಬ ಅರಸಿ, ಒಂದು ಬಗೆಯ ಆಕರ, ಒಂದು ಪ್ರದೇಶ ಎಂದು ಮಿತಿ ಹಾಕಿಕೊಂಡರೆ ಬರೆಯಲು ಏನಾದರೂ ಉಳಿಯುತ್ತದೆ. ಆರಂಭದಲ್ಲಿಯೇ “ಆಕೆಗೆ ನಿಜವಾಗಿ ಅಧಿಕಾರವಿತ್ತೇ?” ಎಂದು ಕೇಳುವುದನ್ನೂ ತಡೆಯಬೇಕು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಈ ನಾಣ್ಯವನ್ನು ಯಾರು ಹೊರಡಿಸಿದರು, ಈ ಕಲ್ಲನ್ನು ಯಾರು ನಿಲ್ಲಿಸಿದರು, ಅದನ್ನು ಯಾರು ನೋಡಲಿ ಎಂಬ ಉದ್ದೇಶವಿತ್ತು ಎಂಬುದನ್ನು. ಅಲೆಕ್ಸಾಂಡರನ ಸೇನಾನಿಗಳು ಈಟಿಯ ಬಲದಿಂದ ಗೆದ್ದ ನೆಲದ ಮೇಲೆ ಅರಸರಾದವರು. ಅವರ ಬೆನ್ನಿಗೆ ಹಳೆಯ ರಾಜವಂಶವಿರಲಿಲ್ಲ. ಗೆದ್ದ ನೆಲವನ್ನು ಮಕ್ಕಳಿಗೆ ದಾಟಿಸಬೇಕಾದರೆ ತಂದೆ, ತಾಯಿ, ಮಗ ಎಂಬ ಒಂದು ಕುಟುಂಬವನ್ನು ಪ್ರಜೆಗಳ ಕಣ್ಣಮುಂದೆ ಕಟ್ಟಿ ನಿಲ್ಲಿಸಬೇಕಾಗಿತ್ತು. ಆದ್ದರಿಂದ ಅರಸಿಯನ್ನು ನಾಣ್ಯದಲ್ಲಿ, ಗುಡಿಯಲ್ಲಿ, ಪಟ್ಟಣದ ಹೆಸರಿನಲ್ಲಿ ತೋರಿಸುವುದು ಆ ಕಾಲದ ರಾಜಕಾರಣದ ಒಂದು ಅಂಗವೇ ಆಗಿತ್ತೆಂದು ನಾನು ತಿಳಿಯುತ್ತೇನೆ. ಚಿತ್ರಣ ಬೇರೆ, ನಿಜವಾದ ಅಧಿಕಾರ ಬೇರೆ ಎಂದು ಎರಡು ಅಧ್ಯಾಯಗಳಾಗಿ ಒಡೆದು ಬರೆಯುವ ಪ್ರಬಂಧಗಳು ಸೋಲುವುದು ಇದೇ ಕಾರಣಕ್ಕೆ.

ಬಿರುದು ಮತ್ತು ಬಂಧುವಾಚಕಗಳಿಂದ ಓದನ್ನು ಆರಂಭಿಸುವುದು ಒಳ್ಳೆಯದು. ಆಂಟಿಗೋನಸ್ ಮತ್ತು ಅವನ ಮಗ ಡೆಮಿಟ್ರಿಯಸ್ ಕ್ರಿ.ಪೂ. 306ರಲ್ಲಿ ತಮ್ಮನ್ನು ಅರಸರೆಂದು ಘೋಷಿಸಿಕೊಂಡರು. ಅದಾದ ಸ್ವಲ್ಪ ಕಾಲಕ್ಕೇ ಡೆಮಿಟ್ರಿಯಸನ ಹೆಂಡತಿ ಫಿಲಾಳಿಗೆ ‘ಬಸಿಲಿಸ್ಸಾ’ ಎಂಬ ಬಿರುದು ಸಾಮೋಸ್ ದ್ವೀಪದ ಶಾಸನವೊಂದರಲ್ಲಿ ಕಾಣಿಸುತ್ತದೆ. ಇದನ್ನು ರಾಣಿ ಎಂದು ಅನುವಾದಿಸಿ ಮುಂದೆ ಹೋಗುವಂತಿಲ್ಲ. ಅರಸನ ಹೆಂಡತಿಗೂ, ತಾನೇ ಆಳಿದವಳಿಗೂ, ಅರಸನ ಮಗಳಿಗೂ ಇದೇ ಬಿರುದು ಸಲ್ಲುತ್ತಿತ್ತು. ಮೂರನೆಯ ಟಾಲೆಮಿಯ ಕಾಲದ, ಕ್ರಿ.ಪೂ. 238ರ ಕನೋಪಸ್ ನಿರ್ಣಯ ಶಾಸನವು ಬಾಲ್ಯದಲ್ಲಿಯೇ ತೀರಿಕೊಂಡ ರಾಜಕುಮಾರಿ ಬೆರೆನಿಕೆಯನ್ನು ಹುಟ್ಟಿದೊಡನೆ ಬಸಿಲಿಸ್ಸಾ ಎಂದು ಸಾರಲಾಗಿತ್ತೆಂದು ಹೇಳುತ್ತದೆ. ಅದೇ ಶಾಸನವು ಅರಸನ ಹೆಂಡತಿ ಎರಡನೆಯ ಬೆರೆನಿಕೆಯನ್ನು ಅವನ ಸೋದರಿಯೆಂದೂ ಕರೆಯುತ್ತದೆ. ಆಕೆ ಕೈರೀನಿಯ ಅರಸ ಮಾಗಸನ ಮಗಳು. ಸೋದರಿಯಲ್ಲ, ಬಂಧು ಮಾತ್ರ. ಸೆಲ್ಯೂಸಿಡ್ ಅರಸ ಮೂರನೆಯ ಆಂಟಿಯೋಕಸನೂ ಪಾಂಟಸ್ ರಾಜ್ಯದಿಂದ ಬಂದ ತನ್ನ ಹೆಂಡತಿ ಲಾವೊದಿಕೆಯನ್ನು ತನ್ನ ಪತ್ರಗಳಲ್ಲಿ ಸೋದರಿ ಎಂದೇ ಬರೆಸುತ್ತಾನೆ. ಹೀಗೆ ಬಂಧುವಾಚಕವೂ ಬಿರುದಿನಂತೆ ಬಳಕೆಯಾಗುವುದರಿಂದ ಶಾಸನದಲ್ಲಿ ಸೋದರಿ ಎಂದಿದೆಯೆಂದು ವಂಶವೃಕ್ಷದಲ್ಲಿ ಗೆರೆ ಎಳೆಯುವ ಮುನ್ನ ಬೇರೆ ಆಕರದಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು.

ನಾಣ್ಯಗಳನ್ನು ಓದುವುದು

ನಾಣ್ಯವನ್ನು ಓದುವಾಗ ಮುಮ್ಮುಖ, ಹಿಮ್ಮುಖ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಪುಸ್ತಕಗಳಲ್ಲಿ ಅರಸಿಯ ಮುಖವಿರುವ ಬದಿಯನ್ನಷ್ಟೇ ಅಚ್ಚು ಹಾಕುವ ಕೆಟ್ಟ ಪದ್ಧತಿಯಿದೆ. ಆದರೆ ಹೆಸರು, ಬಿರುದು, ಕಾಲದ ಗುರುತು, ಟಂಕಸಾಲೆಯ ಗುರುತು ಸಾಮಾನ್ಯವಾಗಿ ಇರುವುದು ಹಿಂಬದಿಯಲ್ಲಿ. ಎರಡನೆಯ ಟಾಲೆಮಿಯ ಸೋದರಿಯೂ ಹೆಂಡತಿಯೂ ಆದ ಎರಡನೆಯ ಆರ್ಸಿನೊಯೆಯ ಚಿನ್ನದ ಎಂಟು ದ್ರಾಖ್ಮ (ಗ್ರೀಕರ ಹಣದ ಮಾನ) ನಾಣ್ಯವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಬಹುದು. ಇದರ ತೂಕ 28 ಗ್ರಾಮಿನ ಹತ್ತಿರ ಬರುತ್ತದೆ. ಮುಂಬದಿಯಲ್ಲಿ ತಲೆಯ ಹಿಂಭಾಗದ ಮೇಲೆ ಸೆರಗು ಹೊದ್ದ ಅರಸಿಯ ಮುಖವಿದೆ. ಕಿವಿಯ ಬಳಿ ಟಗರಿನ ಕೊಂಬಿನ ತುದಿ ಇಣುಕುತ್ತದೆ. ಅದು ಅಮ್ಮೋನ್ ದೇವತೆಯ ಲಾಂಛನ, ಮನುಷ್ಯ ಸ್ತ್ರೀಗೆ ಸಲ್ಲುವಂಥದ್ದಲ್ಲ. ಹಿಂಬದಿಯಲ್ಲಿ ಹಣ್ಣು ತುಂಬಿದ ಎರಡು ಸಮೃದ್ಧಿಯ ಕೊಂಬುಗಳು ಜೋಡಿಯಾಗಿ ನಿಂತಿವೆ, ಸುತ್ತಲೂ ‘ಆರ್ಸಿನೊಯೆ ಫಿಲಡೆಲ್ಫಳ’ (ಸೋದರನನ್ನು ಪ್ರೀತಿಸುವ ಆರ್ಸಿನೊಯೆಯ) ಎಂಬ ಷಷ್ಠೀ ವಿಭಕ್ತಿಯ ಬರಹವಿದೆ. ಬಸಿಲಿಸ್ಸಾ ಎಂಬ ಬಿರುದು ಇಲ್ಲವೇ ಇಲ್ಲ. ಕೊಂಬು, ಸೆರಗು, ಬಿರುದಿನ ಗೈರುಹಾಜರಿ ಮೂರನ್ನೂ ಸೇರಿಸಿ ಓದಿದರೆ ಇದು ದೇವತೆಯಾದವಳ ನಾಣ್ಯವೆಂದು ತಿಳಿಯುತ್ತದೆ. ಆಕೆ ಕ್ರಿ.ಪೂ. 270ರ ಸುಮಾರಿಗೆ ತೀರಿಕೊಂಡಳು. ಈ ಮಾದರಿಯ ನಾಣ್ಯಗಳನ್ನು ಮುಂದಿನ ಅರಸರು ಕೂಡ ಬಹುಕಾಲ ಹೊಡೆಸುತ್ತ ಹೋದರು. ಆದ್ದರಿಂದ ಆಕೆಯ ಜೀವಿತಕಾಲದ ಅಧಿಕಾರಕ್ಕೆ ಈ ನಾಣ್ಯವನ್ನು ಸಾಕ್ಷಿಯಾಗಿ ನಿಲ್ಲಿಸಬಾರದು. ಆಕೆಯ ಹೆಸರಿನಿಂದ ಉತ್ತರಾಧಿಕಾರಿಗಳು ಪಡೆದ ಪ್ರಯೋಜನಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ದೊರೆಯುವುದು ಕಷ್ಟ.

ಜೋಡಿಮುಖದ ನಾಣ್ಯಗಳಲ್ಲಿ ಯಾರ ಮುಖ ಮುಂದಿದೆ, ಯಾರದು ಹಿಂದಿದೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಎರಡನೆಯ ಟಾಲೆಮಿ ಮತ್ತು ಆರ್ಸಿನೊಯೆ ಒಟ್ಟಿಗೆ ಇರುವ ಚಿನ್ನದ ನಾಣ್ಯದಲ್ಲಿ ಅರಸನು ಮುಂದಿದ್ದಾನೆ, ಅರಸಿ ಅವನ ಹಿಂದೆ. ಹಿಂಬದಿಯಲ್ಲಿ ತಂದೆ ಮೊದಲನೆಯ ಟಾಲೆಮಿ ಮತ್ತು ತಾಯಿ ಮೊದಲನೆಯ ಬೆರೆನಿಕೆ ಇದ್ದಾರೆ. ಎರಡೂ ಬದಿಯ ಬರಹ ಸೇರಿದರೆ ‘ಸೋದರ ದೇವತೆಗಳ’ ಎಂದಾಗುತ್ತದೆ. ಒಂದೇ ನಾಣ್ಯದಲ್ಲಿ ಎರಡು ತಲೆಮಾರು, ಎರಡು ದಂಪತಿ. ಇದರ ಪಕ್ಕದಲ್ಲಿ ಕ್ಲಿಯೋಪಾತ್ರ ಥೇಯಾಳ ನಾಣ್ಯಗಳನ್ನು ಇಟ್ಟು ನೋಡಬೇಕು. ಈಕೆ ಆರನೆಯ ಟಾಲೆಮಿಯ ಮಗಳು, ಒಬ್ಬರ ನಂತರ ಒಬ್ಬರಂತೆ ಮೂವರು ಸೆಲ್ಯೂಸಿಡ್ ಅರಸರನ್ನು ಮದುವೆಯಾದವಳು. ಕ್ರಿ.ಪೂ. 126–125ರಲ್ಲಿ ಆಕೆ ತನ್ನೊಬ್ಬಳ ಮುಖ ಮತ್ತು ಹೆಸರಿನಿಂದ ಬೆಳ್ಳಿಯ ನಾಣ್ಯ ಹೊರಡಿಸಿದಳು. ಅದರ ಹಿಂಬದಿಯಲ್ಲಿ ತವರುಮನೆಯ ಅದೇ ಜೋಡಿಕೊಂಬುಗಳಿವೆ. ಅನಂತರ ಮಗ ಎಂಟನೆಯ ಆಂಟಿಯೋಕಸನೊಂದಿಗೆ ಹೊರಡಿಸಿದ ನಾಣ್ಯಗಳಲ್ಲಿ ತಾಯಿಯ ಮುಖವೇ ಮುಂದಿದೆ, ಬರಹದಲ್ಲಿಯೂ ಆಕೆಯ ಹೆಸರೇ ಮೊದಲು ಬರುತ್ತದೆ. ಕ್ರಿ.ಪೂ. 121ರಲ್ಲಿ ಆಕೆ ಸತ್ತ ಬಳಿಕ ಮಗನ ಮುಖವೊಂದೇ ಉಳಿಯುತ್ತದೆ. ಮಗನಿಗೆ ಕೊಡಲು ತಂದ ವಿಷದ ಬಟ್ಟಲನ್ನು ಆಕೆಯೇ ಕುಡಿಯುವಂತೆ ಮಾಡಲಾಯಿತೆಂಬ ಕಥೆ ಎಲ್ಲರಿಗೂ ಇಷ್ಟವಾದದ್ದು. ಆದರೆ ತಾಯಿ ಮಗನ ನಡುವಿನ ಅಧಿಕಾರದ ಏರಿಳಿತವನ್ನು ತಿಳಿಯಲು ನಾಣ್ಯಗಳ ಈ ಸಾಲೇ ಸಾಕು.

ಸಣ್ಣ ವಿವರಗಳಿಂದ ಎಷ್ಟು ಹೇಳಬಹುದು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಬ್ಯಾಕ್ಟ್ರಿಯದ (ಇಂದಿನ ಅಫ್ಘಾನಿಸ್ತಾನದ ಉತ್ತರ ಭಾಗ) ಅರಸ ಯೂಕ್ರಟೈಡಿಸನ ನಾಣ್ಯವೊಂದು ಒಳ್ಳೆಯ ಪಾಠ. ಅದರ ಒಂದು ಬದಿಯಲ್ಲಿ ಹೆಲಿಯೊಕ್ಲಿಸ್ ಮತ್ತು ಲಾವೊದಿಕೆ ಎಂಬ ಜೋಡಿಯಿದೆ. ಇವರು ಅವನ ತಂದೆತಾಯಿಯರೆಂದು ವಿದ್ವಾಂಸರು ಸಾಮಾನ್ಯವಾಗಿ ತಿಳಿಯುತ್ತಾರೆ. ಲಾವೊದಿಕೆಯ ತಲೆಗೆ ಅರಸುತನದ ಪಟ್ಟಿಯಿದೆ, ಹೆಲಿಯೊಕ್ಲಿಸನ ತಲೆ ಬರಿದಾಗಿದೆ. ಮಗನ ರಾಜರಕ್ತ ತಾಯಿಯ ಕಡೆಯಿಂದ ಬಂದದ್ದೆಂದು ತೋರಿಸುವ ಉದ್ದೇಶ ಇಲ್ಲಿತ್ತೆಂದು ಹೇಳಬಹುದು. ಆ ಲಾವೊದಿಕೆ ಯಾವ ಅರಸನ ಮಗಳೆಂದು ಊಹಿಸಿ ಒಂದು ಅಧ್ಯಾಯ ಬರೆಯಬಾರದು. ಇಂಡೋ-ಗ್ರೀಕ್ ಅರಸಿ ಅಗಥೊಕ್ಲಿಯಾಳ ಕೆಲವು ನಾಣ್ಯಗಳು ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಹತ್ತಿರದವು. ಅವುಗಳ ಗ್ರೀಕ್ ಬರಹದಲ್ಲಿ ಬಸಿಲಿಸ್ಸಾ ಎಂಬ ಬಿರುದಿನೊಡನೆ ಆಕೆಯ ಹೆಸರಿದೆ; ಖರೋಷ್ಠಿ ಲಿಪಿಯ ಪ್ರಾಕೃತ ಬರಹದಲ್ಲಿ ಮಹಾರಾಜ ಸ್ಟ್ರೇಟೋನ ಹೆಸರಿದೆ. ಒಂದೇ ನಾಣ್ಯವು ಎರಡು ಭಾಷೆಯ ಓದುಗರಿಗೆ ಇಬ್ಬರನ್ನು ತೋರಿಸುತ್ತಿದೆಯೆಂದರೆ, ಭಾಷೆಗೊಂದು ಕಾಲಂ ಇಟ್ಟು ಟಿಪ್ಪಣಿ ಮಾಡಿಕೊಳ್ಳುವುದು ಎಷ್ಟು ಅಗತ್ಯವೆಂದು ತಿಳಿಯುತ್ತದೆ.

ಆಂಟಿಗೋನಿಡ್ ಅರಸಿಯರು ನಾಣ್ಯದಲ್ಲಿ ಕಾಣಿಸುವುದಿಲ್ಲ. ಮೊದಲ ಪ್ರಬಂಧಕ್ಕೆ ಆ ಮನೆತನವನ್ನು ಆಯ್ದುಕೊಳ್ಳದಿರುವುದು ಜಾಣತನ.

ಶಾಸನದಲ್ಲಿ ಮಾತನಾಡುವವರು ಯಾರು

ಗ್ರೀಕ್ ಶಾಸನಗಳಲ್ಲಿ ಅರಸಿಯರ ಕುರಿತು ಮುಖ್ಯವಾಗಿ ಎರಡು ಬಗೆಯ ಬರಹಗಳಿವೆ: ಅರಸ ಅಥವಾ ಅರಸಿ ಪಟ್ಟಣಕ್ಕೆ ಬರೆದ ಪತ್ರ, ಪಟ್ಟಣದ ಸಭೆ ಅರಸಿಯನ್ನು ಗೌರವಿಸಿ ಹೊರಡಿಸಿದ ನಿರ್ಣಯ. ಮೊದಲನೆಯದರಲ್ಲಿ ಅರಮನೆ ಮಾತನಾಡುತ್ತದೆ, ಎರಡನೆಯದರಲ್ಲಿ ಪಡೆದವರು ಅಥವಾ ಪಡೆಯಲು ಬಯಸುವವರು ಮಾತನಾಡುತ್ತಾರೆ. ಮಿಲೆಟಸ್ ಪಟ್ಟಣವು ಕ್ರಿ.ಪೂ. 299ರ ಸುಮಾರಿಗೆ ಮೊದಲನೆಯ ಸೆಲ್ಯೂಕಸನ ಹೆಂಡತಿ ಅಪಾಮಾಳನ್ನು ಗೌರವಿಸಿದ್ದು, ತನ್ನ ಊರಿನ ಸೈನಿಕರಿಗೆ ಆಕೆ ತೋರಿದ ಕಾಳಜಿಗಾಗಿ. ಮಧ್ಯ ಏಷ್ಯಾದ ಸರದಾರ ಸ್ಪಿಟಮೆನಿಸನ ಮಗಳಾದ ಆಕೆ ಆ ದೂರದ ಪ್ರಾಂತದ ದಂಡಯಾತ್ರೆಯಲ್ಲಿ ಗ್ರೀಕ್ ಸೈನಿಕರ ಪರ ನಿಂತಳೆಂಬುದು ಅರ್ಥಪೂರ್ಣ. ಆದರೆ ನಿರ್ಣಯ ಹೊರಡಿಸಿದ ಪಟ್ಟಣಕ್ಕೆ ಅರಮನೆಯಿಂದ ಆಗಬೇಕಾದ ಕೆಲಸಗಳೂ ಇದ್ದವು.

ಪತ್ರಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಮೂರನೆಯ ಆಂಟಿಯೋಕಸನ ಹೆಂಡತಿ ಲಾವೊದಿಕೆ ಇಯಾಸೊಸ್ ಪಟ್ಟಣಕ್ಕೆ ಕ್ರಿ.ಪೂ. 195ರ ಸುಮಾರಿಗೆ ಬರೆದದ್ದು. ಅರಸನು ಆ ಪಟ್ಟಣಕ್ಕೆ ಸ್ವಾತಂತ್ರ್ಯವನ್ನು ಮರಳಿ ಕೊಟ್ಟಿದ್ದನ್ನು ನೆನೆದು, ತಾನೂ ಅವನ ಇಚ್ಛೆಗೆ ಹೊಂದುವಂತೆ ನೆರವಾಗಬಯಸುವುದಾಗಿ ಹೇಳಿ, ಹತ್ತು ವರ್ಷಗಳ ಕಾಲ ವರ್ಷಕ್ಕೆ 1,000 ಮೆದಿಮ್ನಸ್ ಗೋಧಿ ಕಳಿಸಲು ಆಕೆ ಏರ್ಪಾಡು ಮಾಡುತ್ತಾಳೆ. ಅಥೆನ್ಸಿನ ಅಳತೆಯಲ್ಲಿ ಒಂದು ಮೆದಿಮ್ನಸ್ ಸುಮಾರು 52 ಲೀಟರ್. ಆ ಗೋಧಿಯನ್ನು ಮಾರಿ ಬಂದ ಹಣದಿಂದ ಬಡ ನಾಗರಿಕರ ಹೆಣ್ಣುಮಕ್ಕಳಿಗೆ ತಲಾ 300 ದ್ರಾಖ್ಮ ಮೀರದಂತೆ ವರದಕ್ಷಿಣೆ ಕೊಡಬೇಕು. ಅರಸನು ಸ್ವಾತಂತ್ರ್ಯ ಕೊಡುತ್ತಾನೆ, ಅರಸಿ ಮದುವೆ ಮಾಡಿಸುತ್ತಾಳೆ ಎಂಬ ಹಂಚಿಕೆ ಇಲ್ಲಿ ಎದ್ದು ಕಾಣುತ್ತದೆ, ಬಹುತೇಕ ವಿದ್ಯಾರ್ಥಿಗಳು ಅಲ್ಲಿಗೇ ನಿಲ್ಲುತ್ತಾರೆ. ಮುಂದಿನ ವಿವರವನ್ನೂ ಓದಬೇಕು: ಗೋಧಿ ಕಳಿಸುವಂತೆ ಆಕೆ ಆದೇಶ ಬರೆದದ್ದು ಸ್ಟ್ರೂಥಿಯೋನ್ ಎಂಬ ಹಣಕಾಸಿನ ಅಧಿಕಾರಿಗೆ. ದಾನದ ರೂಪ ತಾಯ್ತನದ್ದು, ಅದನ್ನು ನಡೆಸುವ ಯಂತ್ರ ಸರಕಾರದ್ದು. ಆ ಯಂತ್ರಕ್ಕೆ ಅರಸಿಯ ಪತ್ರವೇ ಸಾಕಾಗುತ್ತಿತ್ತು. ಟೆಯೋಸ್ ಪಟ್ಟಣವು ಇದೇ ಲಾವೊದಿಕೆಯ ಹೆಸರಿನಲ್ಲಿ ಚೌಕದಲ್ಲಿ ಒಂದು ಕಾರಂಜಿ ಕಟ್ಟಿಸಿ, ಮದುಮಗಳ ಸ್ನಾನಕ್ಕೆ ಅಲ್ಲಿಂದಲೇ ನೀರು ಒಯ್ಯಬೇಕೆಂದು ನಿರ್ಣಯಿಸಿತು. ಅರಸಿಯ ಮುಖವನ್ನು ಎಂದೂ ಕಾಣದ ಊರಿನ ಹುಡುಗಿಯ ಮದುವೆಯ ಶಾಸ್ತ್ರದೊಳಗೆ ಆಕೆಯ ಹೆಸರು ಹೀಗೆ ಸೇರಿಕೊಂಡಿತು.

ಕ್ರಿ.ಪೂ. 193ರಲ್ಲಿ ಆಂಟಿಯೋಕಸನು ತನ್ನ ರಾಜ್ಯದಲ್ಲೆಲ್ಲ ಲಾವೊದಿಕೆಯ ಪೂಜೆಗೆ ಪ್ರಧಾನ ಅರ್ಚಕಿಯರನ್ನು ನೇಮಿಸಿ ಆಜ್ಞೆ ಹೊರಡಿಸಿದನು. ಅರಸಿಯ ಚಿತ್ರವಿರುವ ಚಿನ್ನದ ಕಿರೀಟವನ್ನು ಅವರು ಧರಿಸಬೇಕಿತ್ತು. ಇದರ ಪ್ರತಿಗಳು ಇಂದಿನ ತುರ್ಕಿಯಲ್ಲಿಯೂ ಇರಾನಿನ ನಹಾವಂದ್‌ನಲ್ಲಿಯೂ ಸಿಕ್ಕಿವೆ. ಇದಾಗಿ ಎರಡು ವರ್ಷ ಕಳೆಯುವುದರೊಳಗೆ ಅದೇ ಅರಸನು ಗ್ರೀಸಿನ ಕಾಲ್ಕಿಸ್ ಪಟ್ಟಣದಲ್ಲಿ ಊರಿನ ಹುಡುಗಿಯೊಬ್ಬಳನ್ನು ಮದುವೆಯಾದನು. ಆಜ್ಞೆಯಲ್ಲಿರುವ ಪ್ರೀತಿಯ ಮಾತುಗಳನ್ನು ದಾಂಪತ್ಯದ ದಿನಚರಿಯಂತೆ ಓದಬಾರದೆಂಬುದಕ್ಕೆ ಇಷ್ಟು ಸಾಕು. ಇನ್ನೊಬ್ಬ ಲಾವೊದಿಕೆ, ಎರಡನೆಯ ಆಂಟಿಯೋಕಸನ ಮೊದಲ ಹೆಂಡತಿ, ಕ್ರಿ.ಪೂ. 254–253ರಲ್ಲಿ ಅರಸನಿಂದ 30 ಟ್ಯಾಲೆಂಟ್ (ಗ್ರೀಕರ ದೊಡ್ಡ ತೂಕದ ಮಾನ) ಬೆಳ್ಳಿಗೆ ಒಂದು ಹಳ್ಳಿಯನ್ನೂ ಅದರ ಜಮೀನನ್ನೂ ಅಲ್ಲಿಯ ಒಕ್ಕಲನ್ನೂ ಪಡೆದ ಖರೇದಿಯ ಶಾಸನ ಉಳಿದಿದೆ. ಅದರಲ್ಲಿ ಪ್ರಶಂಸೆಯ ಮಾತು ಕಡಿಮೆ, ಚೆಕ್ಕುಬಂದಿಯ ವಿವರ ಹೆಚ್ಚು. ಅರಸಿಯ ಆಸ್ತಿಯ ಬಗ್ಗೆ ಬರೆಯುವವರು ಇಂಥ ಒಣ ಶಾಸನಗಳಿಂದಲೇ ಆರಂಭಿಸಬೇಕು. ಪೆರ್ಗಮಾನಿನ ಅರಸಿ ಅಪೊಲ್ಲೊನಿಸಳದು ಬೇರೆಯೇ ಮಾದರಿ: ಕೈಜಿಕಸ್ ಪಟ್ಟಣದ ಸಾಮಾನ್ಯ ನಾಗರಿಕರ ಮನೆಯಿಂದ ಬಂದ ಆಕೆಯನ್ನು ನಾಲ್ವರು ಗಂಡುಮಕ್ಕಳ ತಾಯಿಯೆಂದೇ ಮನೆತನವು ಜಗತ್ತಿಗೆ ತೋರಿಸಿತು, ಮಕ್ಕಳು ಆಕೆಯ ತವರೂರಿನಲ್ಲಿ ಗುಡಿ ಕಟ್ಟಿಸಿ ಮಾತೃಭಕ್ತಿಯ ಉಬ್ಬುಶಿಲ್ಪಗಳನ್ನು ಇರಿಸಿದರು.

ಪಪೈರಸ್‌ಗಳಲ್ಲಿ, ಎಂದರೆ ಈಜಿಪ್ಟಿನ ಜೊಂಡಿನ ಹಾಳೆಗಳ ಮೇಲಿನ ಬರಹಗಳಲ್ಲಿ, ಮೊದಲು ನೋಡಬೇಕಾದದ್ದು ಕಾಲಸೂಚಕ ಸಾಲನ್ನು. ಚಾಲುಕ್ಯ ವಿಕ್ರಮ ವರ್ಷವನ್ನು ಕ್ರಿ.ಶ. 1076ರಿಂದ ಎಣಿಸಿ ಶಾಸನದ ತೇದಿ ಹೊಂದಿಸಿದ ವಿದ್ಯಾರ್ಥಿಗೆ, ವರ್ಷವನ್ನು ಯಾರ ಹೆಸರಿನಿಂದ ಎಣಿಸುತ್ತಾರೆಂಬುದು ಆಳ್ವಿಕೆಯ ಹಕ್ಕಿನ ಘೋಷಣೆಯೆಂದು ಬಿಡಿಸಿ ಹೇಳಬೇಕಿಲ್ಲ. ಕ್ರಿ.ಪೂ. 180ರಲ್ಲಿ ಐದನೆಯ ಟಾಲೆಮಿ ಸತ್ತ ಮೇಲೆ ಈಜಿಪ್ಟಿನ ದಾಖಲೆಗಳಲ್ಲಿ ಅವನ ಹೆಂಡತಿ ಮೊದಲನೆಯ ಕ್ಲಿಯೋಪಾತ್ರಳ ಹೆಸರು ಬಾಲಕನಾದ ಮಗನ ಹೆಸರಿಗಿಂತ ಮೊದಲು ಬರುತ್ತದೆ. ಎರಡನೆಯ ಕ್ಲಿಯೋಪಾತ್ರಳು ತನ್ನ ಗಂಡನೂ ಸೋದರನೂ ಆದ ಎಂಟನೆಯ ಟಾಲೆಮಿಯ ವಿರುದ್ಧ ಕ್ರಿ.ಪೂ. 132–131ರ ಸುಮಾರಿಗೆ ಎದ್ದು ನಿಂತಾಗ ತನ್ನದೇ ಒಂದನೆಯ ವರ್ಷದಿಂದ ಎಣಿಕೆ ಆರಂಭಿಸಿದಳು. ಯಾವ ಊರಿನ ಲಿಪಿಕಾರ ಯಾರ ವರ್ಷವನ್ನು ಬರೆದನೆಂದು ನಕ್ಷೆಯ ಮೇಲೆ ಗುರುತು ಹಾಕಿದರೆ ಆ ಅಂತಃಕಲಹದ ಗಡಿಗಳೇ ಮೂಡಿಬರುತ್ತವೆ. ತೆರಿಗೆಯ ದಾಖಲೆಗಳೂ ಬೇಕು: ದ್ರಾಕ್ಷಿ ಮತ್ತು ಹಣ್ಣಿನ ತೋಟಗಳ ಉತ್ಪನ್ನದ ಆರನೆಯ ಒಂದು ಪಾಲನ್ನು ಎರಡನೆಯ ಟಾಲೆಮಿಯು ಆರ್ಸಿನೊಯೆಯ ಪೂಜೆಯ ಹೆಸರಿಗೆ ತಿರುಗಿಸಿದನು.

ಈಜಿಪ್ಟಿನ ಗುಡಿಗಳಲ್ಲಿಯ ಶಿಲ್ಪವನ್ನು ಗ್ರೀಕ್ ಕಣ್ಣಿನಿಂದ ಮಾತ್ರ ನೋಡಬಾರದು. ದೆಂದೆರಾ ಗುಡಿಯ ಹಿಂಗೋಡೆಯ ಮೇಲೆ ಏಳನೆಯ ಕ್ಲಿಯೋಪಾತ್ರಳು ಮಗ ಸಿಸೇರಿಯನ್‌ನೊಂದಿಗೆ ದೇವತೆಗಳಿಗೆ ಅರ್ಪಣೆ ಸಲ್ಲಿಸುತ್ತಿದ್ದಾಳೆ. ಅಲ್ಲಿ ಮುಂದೆ ನಿಂತವನು ಮಗ. ಅದು ಫೆರೋನ ಸ್ಥಾನ, ಸಾವಿರಾರು ವರ್ಷಗಳ ಸಂಪ್ರದಾಯದಲ್ಲಿ ಅರಸನಿಗೆ ಮೀಸಲಾದದ್ದು. ಇದನ್ನು ಆಕೆಯ ದೌರ್ಬಲ್ಯವೆಂದು ಓದಿದರೆ ಶಿಲ್ಪದ ವ್ಯಾಕರಣವೇ ತಪ್ಪುತ್ತದೆ. ಬ್ಯಾಬಿಲೋನಿಯದಲ್ಲೂ ಹೀಗೆಯೇ: ಕ್ರಿ.ಪೂ. 268ರ ಬೊರ್ಸಿಪ್ಪಾದ ಮಣ್ಣಿನ ಉರುಳೆಯ ಮೇಲಿನ ಅಕ್ಕಾಡಿಯನ್ ಬರಹವು ಮೊದಲನೆಯ ಆಂಟಿಯೋಕಸನ ಜೊತೆಗೆ ಸ್ಟ್ರಾಟೊನಿಕೆಯನ್ನು ಅವನ ಪತ್ನಿಯೆಂದೂ ರಾಣಿಯೆಂದೂ ಹೆಸರಿಸುತ್ತದೆ. ಗ್ರೀಕ್ ಲೇಖಕರು ಇದೇ ಸ್ಟ್ರಾಟೊನಿಕೆಯನ್ನು, ಮೊದಲು ಆಕೆಯ ಮಲಮಗನಾಗಿದ್ದ ಈ ಆಂಟಿಯೋಕಸನ ಪ್ರೇಮಜ್ವರದ ಕಥೆಯಿಂದಲೇ ಹೆಚ್ಚಾಗಿ ನೆನೆಯುತ್ತಾರೆ.

ಕಥನಕಾರರನ್ನು ಕೊನೆಗೆ ಓದಬೇಕೆಂದು ನಾನು ಹೇಳುವುದು ಈ ಕಾರಣಕ್ಕಾಗಿಯೇ. ಅಲೆಕ್ಸಾಂಡರನ ತಾಯಿ ಒಲಿಂಪಿಯಾಸ್ ಕ್ರಿ.ಪೂ. 317ರಲ್ಲಿ ಯೂರಿಡಿಕೆಯನ್ನೂ ಅವಳ ಗಂಡನಾದ ಅರಸನನ್ನೂ ಕೊಲ್ಲಿಸಿದ್ದನ್ನು ಲೇಖಕರು ಸ್ತ್ರೀಸಹಜ ಕ್ರೌರ್ಯವೆಂದು ಬಣ್ಣಿಸುತ್ತಾರೆ. ಅದೇ ವರ್ಷಗಳಲ್ಲಿ ಗಂಡಸರು ಮಾಡಿದ ಕೊಲೆಗಳು ಅವರಿಗೆ ಬರಿಯ ರಾಜಕಾರಣ. ಏಳನೆಯ ಕ್ಲಿಯೋಪಾತ್ರಳ ಬಗ್ಗೆ ನಾವು ತಿಳಿದಿರುವುದರಲ್ಲಿ ಬಹುಪಾಲು ಗ್ರೀಕ್ ಲೇಖಕ ಪ್ಲೂಟಾರ್ಕನಿಂದ ಬಂದದ್ದು, ಅವನು ಬರೆದದ್ದು ಆಕೆ ಸತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಆಕೆಯನ್ನು ಗೆದ್ದವರ ಸಾಮ್ರಾಜ್ಯದಲ್ಲಿ. ಆರ್ಸಿನೊಯೆಯ ವಿಷಯದಲ್ಲಿ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ: ಕ್ರಿ.ಪೂ. 268ರ ಸುಮಾರಿನ ಅಥೆನ್ಸಿನ ಕ್ರೆಮೊನಿಡಿಸ್ ನಿರ್ಣಯವು, ಎಂದರೆ ಮ್ಯಾಸಿಡೋನಿಯದ ವಿರುದ್ಧದ ಯುದ್ಧಕ್ಕೆ ಒಕ್ಕೂಟ ಕಟ್ಟಿದ ನಿರ್ಣಯವು, ಎರಡನೆಯ ಟಾಲೆಮಿಯು ತನ್ನ ಪೂರ್ವಜರ ಮತ್ತು ಸೋದರಿಯ ನೀತಿಯನ್ನು ಅನುಸರಿಸಿದನೆನ್ನುತ್ತದೆ. ವಿದೇಶನೀತಿಯನ್ನು ಆಕೆಯೇ ನಡೆಸಿದಳೆಂದು ಹಿಂದಿನವರು ಇದರಿಂದ ತೀರ್ಮಾನಿಸಿದರು. ಸತ್ತ ಅರಸಿಯ ಹೆಸರನ್ನು ಯುದ್ಧದ ಸಮರ್ಥನೆಗೆ ಬಳಸಿಕೊಂಡರೆಂದು ಈಚಿನವರು ಹೇಳುತ್ತಾರೆ. ಪ್ರಬಂಧದಲ್ಲಿ ಎರಡೂ ವಾದಗಳನ್ನು ಇಟ್ಟು, ಯಾವುದಕ್ಕೆ ಯಾವ ಆಕರ ಒತ್ತಾಸೆಯಾಗಿದೆಯೆಂದು ತೋರಿಸಬೇಕು.

ನಮ್ಮ ನಾಡಿನ ಅರಸಿಯರೊಂದಿಗೆ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ, ಅದರಲ್ಲಿ ತಪ್ಪಿಲ್ಲ. ಹೋಲಿಕೆ ಆಕರದ ಮಟ್ಟದಲ್ಲಿ ನಡೆಯಬೇಕು. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿಯನ್ನು ಶಾಸನಗಳು ಗುಣದ ಬೆಡಂಗಿ ಎಂದು ಹೊಗಳುತ್ತವೆ, ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಳೆನ್ನುತ್ತವೆ, ಗೋಕಾಗೆಯ (ಇಂದಿನ ಗೋಕಾಕ) ಕೋಟೆಗೆ ಮುತ್ತಿಗೆ ಹಾಕಿದಳೆನ್ನುತ್ತವೆ. ಆರನೆಯ ವಿಕ್ರಮಾದಿತ್ಯನ ಅರಸಿ ಲಕ್ಷ್ಮಾದೇವಿ ದಂಬಳವನ್ನೂ ಹದಿನೆಂಟು ಅಗ್ರಹಾರಗಳನ್ನೂ ನೋಡಿಕೊಳ್ಳುತ್ತಿದ್ದಳು. ಹೀಗೆ ನಾಡಿನ ಹೆಸರು ಹೇಳಿ ಆಡಳಿತ ವಹಿಸಿಕೊಟ್ಟ ಸೂತ್ರ ಹೆಲೆನಿಸ್ಟಿಕ್ ಶಾಸನಗಳಲ್ಲಿ ಅರಸಿಯರಿಗೆ ರೂಢಿಯಲ್ಲಿಲ್ಲ. ಚಾಲುಕ್ಯ ನಾಣ್ಯಗಳಲ್ಲಿಯೋ ಅರಸಿಯ ಮುಖವಿಲ್ಲ. ಲಕ್ಕುಂಡಿಯ 1007ರ ಶಾಸನದ ಅತ್ತಿಮಬ್ಬೆಯನ್ನು ಈ ಸಾಲಿಗೆ ಸೇರಿಸಬಾರದು. ಆಕೆ ದಂಡನಾಯಕರ ಮನೆತನದವಳು, ಅರಸುಮನೆಯವಳಲ್ಲ. ಹೋಲಿಕೆಗೆ ಒಳ್ಳೆಯ ಜೋಡಿ ಬೇಕೆಂದರೆ ಲಾವೊದಿಕೆಯ ಇಯಾಸೊಸ್ ಪತ್ರವನ್ನೂ ಅಕ್ಕಾದೇವಿಯ ಸೂಡಿ ಶಾಸನವನ್ನೂ ಪಕ್ಕಪಕ್ಕದಲ್ಲಿಟ್ಟು, ದತ್ತಿಯ ಹಣ ಎಲ್ಲಿಂದ ಬಂತು, ಅದನ್ನು ನಡೆಸುವ ಹೊಣೆ ಯಾರದು, ಅರಸನ ಹೆಸರು ಎಲ್ಲಿ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದು. ಸೂಡಿಯ ಶಾಸನಗಳ ಪಾಠ ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿದೆ.

ಸಾಮಗ್ರಿಗಾಗಿ ದೂರ ಹೋಗಬೇಕಿಲ್ಲ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯು ಸೆಲ್ಯೂಸಿಡ್ ಮತ್ತು ಟಾಲೆಮಿ ನಾಣ್ಯಗಳ ಎರಡು ಕೋಶಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಪಪೈರಸ್‌ಗಳಿಗೆ ‘ಪಪೈರಿ ಡಾಟ್ ಇನ್ಫೊ’ ಇದೆ. ಟಿಪ್ಪಣಿಗೆ ಒಂದು ಕೋಷ್ಟಕ ಹಾಕಿಕೊಂಡು ಆಕರ, ತೇದಿ, ಸಿಕ್ಕ ಸ್ಥಳ, ಹೊರಡಿಸಿದವರು, ಅರಸಿಯ ಬಿರುದು, ಆಗ ಆಕೆ ಬದುಕಿದ್ದಳೇ ಎಂಬ ಕಾಲಂಗಳನ್ನು ತುಂಬಬೇಕು. ಕೊನೆಯ ಕಾಲಂ ಖಾಲಿಯಿದ್ದರೆ ಆ ಆಕರವನ್ನು ಪ್ರಬಂಧಕ್ಕೆ ಇನ್ನೂ ಬಳಸಬಾರದು. ಅರಸಿಯರ ಹೆಸರಿನ ಜೊತೆಗಿರುವ ಮೊದಲನೆಯ, ಎರಡನೆಯ ಎಂಬ ಸಂಖ್ಯೆಗಳು ಈಚಿನ ವಿದ್ವಾಂಸರು ಕೊಟ್ಟವು, ಪುಸ್ತಕದಿಂದ ಪುಸ್ತಕಕ್ಕೆ ಒಮ್ಮೊಮ್ಮೆ ಬದಲಾಗುತ್ತವೆ. ಆದ್ದರಿಂದ ಪ್ರತಿಯೊಬ್ಬಳನ್ನೂ ಮೊದಲ ಬಾರಿ ಹೆಸರಿಸುವಾಗ ತಂದೆ ಮತ್ತು ಗಂಡನ ಹೆಸರನ್ನೂ ಸೇರಿಸಬೇಕು. ಬೆರೆನಿಕೆ, ಲಾವೊದಿಕೆ ಎಂದು ಗ್ರೀಕ್ ಉಚ್ಚಾರಕ್ಕೆ ಹತ್ತಿರವಾಗಿ ಬರೆದರೂ ಸರಿ, ಬೆರೆನೀಸ್, ಲಾವೊಡಿಸ್ ಎಂದು ಇಂಗ್ಲಿಷಿನ ದಾರಿಯಲ್ಲಿ ಬರೆದರೂ ಸರಿ, ಆರಿಸಿಕೊಂಡ ರೂಪವನ್ನು ಪ್ರಬಂಧದ ಕೊನೆಯವರೆಗೂ ಬದಲಿಸಬಾರದು.